ಸಂಜೆಯ ಬಸ್ಸೂ ಬೆಳಗಿನ ದಿಕ್ಕಿನಲ್ಲೇ

೨೦೨೩ರ ಜೂನ್‌ನಲ್ಲಿ ಯಲಹಂಕದ ಒಂದು ಖಾಸಗಿ ಶಾಲೆಗೆ ನಾನು ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್ ಆಗಿ ಸೇರಿದೆ. ಯಾವ ಬಸ್ಸು ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು, ಯಾವ ಮಗು ಎಲ್ಲಿ ಹತ್ತಿ ಎಲ್ಲಿ ಇಳಿಯಬೇಕು ಎಂದು ತೀರ್ಮಾನಿಸುವ, ತೀರ್ಮಾನಿಸಿದ ಮೇಲೆ ಎಲ್ಲರಿಂದಲೂ ಬೈಸಿಕೊಳ್ಳುವ ಹುದ್ದೆ ಅದು. ಅದಕ್ಕೆ ಮೊದಲು ಯಶವಂತಪುರದ ಒಂದು ಕೊರಿಯರ್ ಕಂಪನಿಯಲ್ಲಿ ವ್ಯಾನುಗಳಿಗೆ ದಾರಿ ಹಾಕಿಕೊಡುತ್ತಿದ್ದೆ. ಎರಡೂ ಒಂದೇ ಕೆಲಸ ಎಂದುಕೊಂಡೇ ಬಂದಿದ್ದೆ. ಮೊದಲ ವಾರದಲ್ಲೇ ವ್ಯತ್ಯಾಸ ತಿಳಿಯಿತು. ಪಾರ್ಸೆಲ್ಲಿಗೆ ಪಕ್ಕದ ಪಾರ್ಸೆಲ್ಲಿನೊಡನೆ ಕಿಟಕಿ ಸೀಟಿಗಾಗಿ ಜಗಳವಿರುವುದಿಲ್ಲ. ಇಳಿಸಿದ ಜಾಗದಿಂದ ಅದು ಎದ್ದು ನಡೆಯುವುದೂ ಇಲ್ಲ.

ಇಲ್ಲಿ ಹೇಳಹೊರಟಿರುವುದು ನಾಲ್ಕನೇ ನಂಬರ್ ಬಸ್ಸಿನ ಸಂಗತಿ. ಇದನ್ನು ಹಲವರಿಗೆ ಹಲವು ಸಲ ಹೇಳಿದ್ದೇನೆ, ಹೇಳಿದಷ್ಟೂ ಅದು ನುಣುಪಾಗುತ್ತ ಬಂದಿದೆ. ನುಣುಪಾದ ಕಡೆಯೆಲ್ಲ ನನಗೆ ಅನುಮಾನ. ಹಾಗಾಗಿ ಎಲ್ಲಿ ನೆನಪು ಗಟ್ಟಿಯಿಲ್ಲವೋ ಅಲ್ಲಿ ಗಟ್ಟಿಯಿಲ್ಲ ಎಂದೇ ಬರೆಯುತ್ತೇನೆ.

ಆ ಬಸ್ಸಿನ ದಾರಿ ಮೊದಲು ತಿಳಿಯಬೇಕು. ಬೆಳಿಗ್ಗೆ ಅದು ಶಾಲೆಯಿಂದ ಖಾಲಿ ಹೊರಟು, ಬಳ್ಳಾರಿ ರಸ್ತೆ ಹಿಡಿದು ಬ್ಯಾಟರಾಯನಪುರಕ್ಕೆ ಹೋಗುತ್ತಿತ್ತು. ಅಲ್ಲಿಂದ ಮಕ್ಕಳನ್ನು ಹತ್ತಿಸಿಕೊಳ್ಳುತ್ತ ಕೊಡಿಗೇಹಳ್ಳಿ, ಆಮೇಲೆ ತಿಂಡ್ಲು, ಕೊನೆಗೆ ಶಾಲೆಗೆ ಹತ್ತಿರದ ಅಟ್ಟೂರು ಲೇಔಟು, ಮತ್ತೆ ಶಾಲೆ. ಒಂದು ದೊಡ್ಡ ಸುತ್ತು. ಹೀಗೆ ಬಸ್ಸು ಮಕ್ಕಳಿಲ್ಲದೆ ಓಡುವ ದೂರಕ್ಕೆ ನಮ್ಮ ಕೆಲಸದಲ್ಲಿ ಡೆಡ್ ಮೈಲೇಜ್ ಎನ್ನುತ್ತಾರೆ. ಸಂಜೆ ಇದೇ ದಾರಿ ತಿರುವುಮುರುವು: ಮೊದಲು ಅಟ್ಟೂರು, ಆಮೇಲೆ ತಿಂಡ್ಲು, ಕೊಡಿಗೇಹಳ್ಳಿ, ಕೊನೆಗೆ ಬ್ಯಾಟರಾಯನಪುರ, ಅಲ್ಲಿಂದ ಖಾಲಿ ವಾಪಸ್. ಹತ್ತಿರದವರನ್ನು ಮೊದಲು ಇಳಿಸುವುದು. ಇದನ್ನು ಯಾರೂ ನಿಯಮ ಎಂದು ಬರೆದಿಟ್ಟಿರಲಿಲ್ಲ. ಬೆಳಿಗ್ಗೆ ಹೋದ ದಾರಿಯಲ್ಲೇ ಸಂಜೆ ಹಿಂದಿರುಗುವುದು ಎಷ್ಟು ಸಹಜವೆಂದರೆ, ಅದರ ಬಗ್ಗೆ ಯೋಚಿಸಬೇಕೆಂದೇ ಯಾರಿಗೂ ತೋಚಿರಲಿಲ್ಲ.

ತಿಂಡ್ಲಿನ ಸ್ಟಾಪು ಒಂದು ಹಿಟ್ಟಿನ ಗಿರಣಿಯ ಮುಂದೆ. ಎಲ್ಲರೂ ಫ್ಲೋರ್ ಮಿಲ್ ಸ್ಟಾಪ್ ಎನ್ನುತ್ತಿದ್ದರು. ಅಲ್ಲಿ ಹತ್ತುವ ನಾಲ್ಕು ಮಕ್ಕಳ ಮನೆಗಳೂ ಗಿರಣಿಯ ಬದಿಯಲ್ಲೇ ಇದ್ದವು. ಬೆಳಿಗ್ಗೆ ಬಸ್ಸು ಅವರ ಬದಿಯಲ್ಲೇ ನಿಲ್ಲುತ್ತಿತ್ತು. ಬಸ್ಸಿನ ಬಾಗಿಲಿರುವುದು ಎಡಕ್ಕೆ, ಗಿರಣಿಯೂ ಎಡಕ್ಕೆ. ಗೇಟಿನಿಂದ ಬಂದು ಹತ್ತಿದರೆ ಮುಗಿಯಿತು. ಸಂಜೆ ಬಸ್ಸು ಎದುರು ದಿಕ್ಕಿನಿಂದ ಬರುತ್ತಿದ್ದುದರಿಂದ ಬಾಗಿಲು ರಸ್ತೆಯ ಆಚೆ ಬದಿಗೆ ತೆರೆಯುತ್ತಿತ್ತು. ಆ ನಾಲ್ಕು ಮಕ್ಕಳು ರಸ್ತೆ ದಾಟಲೇಬೇಕು. ಟ್ಯಾಂಕರ್, ಟಿಪ್ಪರ್, ಡೆಲಿವರಿ ಹುಡುಗರ ಬೈಕು ಎಲ್ಲವೂ ಅದೇ ರಸ್ತೆಯಲ್ಲಿ ಓಡುತ್ತಿದ್ದವು.

ದಾಟಿಸುತ್ತಿದ್ದವರು ಬಸ್ಸಿನ ಆಯಾ ರತ್ನಮ್ಮ. ಅಟ್ಟೂರು ಹಳೇ ಊರಿನವರು, ಐವತ್ತರ ಆಸುಪಾಸಿನವರು. ರಸ್ತೆಯ ಮಧ್ಯೆ ನಿಂತು ಬಲಗೈ ಮೇಲೆತ್ತಿದರೆಂದರೆ ಎರಡೂ ಕಡೆಯ ವಾಹನಗಳು ನಿಲ್ಲುತ್ತಿದ್ದವು. ನಿಲ್ಲದವನಿಗೆ ಬೈಗುಳ ಬೀಳುತ್ತಿತ್ತು. "ಏಯ್, ನಿನ್ ಮನೇಲಿ ಮಕ್ಳಿಲ್ವೇನ್ಲಾ? ಎಲ್ಲಿಗ್ ಓಯ್ತಿದೀಯ, ಮದ್ವೆ ಮುಹೂರ್ತ ಮೀರೋಯ್ತದಾ?" ಟಿಪ್ಪರ್ ಡ್ರೈವರುಗಳು ನಕ್ಕು ಬ್ರೇಕ್ ಹಾಕುತ್ತಿದ್ದರು. ಹಿಂದಿನ ವರ್ಷ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಅವರ ಫೋಟೋ ಬಂದಿತ್ತು: ಎತ್ತಿದ ಕೈ, ಹಿಂದೆ ಸಾಲಾಗಿ ನಾಲ್ಕು ಮಕ್ಕಳು, ಎದುರಿಗೆ ನಿಂತ ಲಾರಿ. ನಾನು ಸೇರಿದ ದಿನ ಪ್ರಿನ್ಸಿಪಾಲರು ಆ ಫೋಟೋ ತೋರಿಸಿಯೇ ಶಾಲೆಯ ಬಸ್ ವ್ಯವಸ್ಥೆಯನ್ನು ಪರಿಚಯಿಸಿದ್ದರು. ನನಗೂ ಅದು ಇಷ್ಟವಾಗಿತ್ತು.

ಆಗಸ್ಟ್ ತಿಂಗಳ ಒಂದು ಸಂಜೆ ಬಸ್ಸು ವಾಪಸ್ ಬಂದು ನಿಂತ ಮೇಲೆ ರತ್ನಮ್ಮನೂ ಡ್ರೈವರ್ ಮಂಜಣ್ಣನೂ ನನ್ನ ಟೇಬಲ್ಲಿನ ಹತ್ತಿರ ಬಂದರು. ಮಳೆ ಬರುತ್ತಿತ್ತು ಎಂದು ಬರೆಯಹೊರಟಿದ್ದೆ. ಬರುತ್ತಿರಲಿಲ್ಲ ಅನ್ನಿಸುತ್ತದೆ. ಮಂಜಣ್ಣ ಒರೆಸಿಕೊಳ್ಳುತ್ತಿದ್ದುದು ಬೆವರು.

ನಡೆದದ್ದು ಇಷ್ಟು. ಫ್ಲೋರ್ ಮಿಲ್ ಸ್ಟಾಪಿನಲ್ಲಿ ರತ್ನಮ್ಮ ನಾಲ್ವರನ್ನು ಇಳಿಸಿ ರಸ್ತೆ ದಾಟಿಸುತ್ತಿದ್ದಾಗ, ಒಂದನೇ ಕ್ಲಾಸಿನ ಚಾರ್ವಿ ಬಸ್ಸಿನಿಂದ ತಾನೂ ಇಳಿದಿದ್ದಳು. ಚಾರ್ವಿಯ ಮನೆ ಬ್ಯಾಟರಾಯನಪುರದಲ್ಲಿ, ಅವಳು ಅಲ್ಲಿ ಇಳಿಯಬೇಕಾದವಳೇ ಅಲ್ಲ. ಇಳಿದ ಹುಡುಗನೊಬ್ಬ ಊಟದ ಚೀಲವನ್ನು ಸೀಟಿನಲ್ಲೇ ಮರೆತಿದ್ದ, ಅದನ್ನು ಕೊಡಲು ಇವಳು ಇಳಿದಳು. ಚೀಲ ಹಿಡಿದು ಬಸ್ಸಿನ ಮೂತಿಗೆ ಅಂಟಿಕೊಂಡಂತೆ ಮುಂದಿನಿಂದ ಸುತ್ತಿ ಹೊರಟಳು. ದೊಡ್ಡ ಬಸ್ಸಿನ ಬಂಪರಿಗೆ ಅಷ್ಟು ಹತ್ತಿರ ನಿಂತ ಚಿಕ್ಕ ಮಗು ಡ್ರೈವರ್ ಸೀಟಿನಿಂದ ಕಾಣುವುದಿಲ್ಲ. ಅದಕ್ಕೆ ಬ್ಲೈಂಡ್ ಸ್ಪಾಟ್ ಎನ್ನುತ್ತಾರೆ. ಅದೇ ಹೊತ್ತಿಗೆ ಹಿಂದಿನಿಂದ ಒಂದು ಟ್ಯಾಂಕರ್ ಹಾರ್ನ್ ಹೊಡೆಯುತ್ತಿತ್ತು. ಅದಕ್ಕೆ ದಾರಿ ಬಿಡಲು ಬಸ್ಸನ್ನು ಸ್ವಲ್ಪ ಮುಂದೆ ತೆಗೆಯಲು ಮಂಜಣ್ಣ ಗೇರ್ ಹಾಕಿದ್ದ.

ಬಸ್ಸು ಚಲಿಸಲಿಲ್ಲ. ಚಾರ್ವಿಗೆ ಏನೂ ಆಗಲಿಲ್ಲ.

ಯಾಕೆ ಚಲಿಸಲಿಲ್ಲ ಎಂಬುದಕ್ಕೆ ನನ್ನ ಬಳಿ ಮೂರು ಉತ್ತರಗಳಿವೆ. ಮಂಜಣ್ಣ ಹೇಳಿದ್ದು: "ಗಾಜಿನ ಕೆಳಗಡೆ ರಿಬ್ಬನ್ ಥರ ಏನೋ ಆಡ್ತು ಮೇಡಂ, ಕಾಲು ತಾನಾಗೇ ಬ್ರೇಕ್ ಮೇಲೆ ಹೋಯ್ತು." ರತ್ನಮ್ಮ ಹೇಳಿದ್ದು: "ರಿಬ್ಬನ್ನೂ ಇಲ್ಲ, ಗಿಬ್ಬನ್ನೂ ಇಲ್ಲ. ರಸ್ತೆ ಆಚೆಯಿಂದ ನಾನು ಇಂಗೆ ಕೂಗ್ದೆ ನೋಡಿ, ಅದಕ್ಕೇ ನಿಂತಿದ್ದು." ಮರುದಿನ ಚಾರ್ವಿಯನ್ನು ಕೇಳಿದೆ. ಅವಳು ಹೇಳಿದ್ದು: "ಬಸ್ ನಿದ್ದೆ ಮಾಡ್ತಿತ್ತು ಮ್ಯಾಮ್."

ಇವರಲ್ಲಿ ಯಾರೂ ಸುಳ್ಳು ಹೇಳುವವರಲ್ಲ. ಯಾವುದನ್ನು ಆರಿಸಿಕೊಂಡರೂ ಕತೆ ಚೆನ್ನಾಗಿಯೇ ಇರುತ್ತದೆ. ಆದರೆ ಆ ರಾತ್ರಿ ಮೂರನ್ನೂ ಪಕ್ಕಕ್ಕಿಟ್ಟಾಗ ನನ್ನ ಕೈಯಲ್ಲಿ ಉಳಿದದ್ದು ಒಂದೇ: ಬಸ್ಸು ಚಲಿಸದಂತೆ ನಾವು ಯಾರೂ ಮೊದಲೇ ಏರ್ಪಾಡು ಮಾಡಿರಲಿಲ್ಲ. ರಿಬ್ಬನ್ನಾಗಲಿ ಕೂಗಾಗಲಿ ಯೋಜನೆಯಲ್ಲ.

ಮಾರನೇ ಸಂಜೆ ನಾನೂ ಬಸ್ಸು ಹತ್ತಿದೆ. ಫ್ಲೋರ್ ಮಿಲ್ ಬಂತು. ರತ್ನಮ್ಮ ನಾಲ್ವರೊಂದಿಗೆ ಇಳಿದರು, ಕೈ ಎತ್ತಿದರು, ವಾಹನಗಳು ನಿಂತವು. ನಿಜಕ್ಕೂ ನೋಡುವಂತಿತ್ತು. ನೋಡುತ್ತಿದ್ದವಳು ನಾನೊಬ್ಬಳೇ ಅಲ್ಲ. ಬಸ್ಸಿನ ಮಕ್ಕಳೆಲ್ಲ ಎದ್ದು ಬಲಗಡೆಯ ಕಿಟಕಿಗಳಿಗೆ ಮುತ್ತಿಕೊಂಡು "ಆಯಾ! ಆಯಾ!" ಎಂದು ಕೂಗುತ್ತಿದ್ದರು. ಮಂಜಣ್ಣನೂ ಬಲಕ್ಕೆ ನೋಡುತ್ತಿದ್ದ. ಎಡಗಡೆಯ ಬಾಗಿಲು ಪೂರ್ತಿ ತೆರೆದೇ ಇತ್ತು, ಅಲ್ಲಿ ಯಾರೂ ಇರಲಿಲ್ಲ. ನಾಲ್ಕು ಮಕ್ಕಳ ಬಗ್ಗೆ ಎಲ್ಲರೂ ಹೆಮ್ಮೆಪಡುತ್ತಿದ್ದ ಆ ಹೊತ್ತಿನಲ್ಲಿ ಉಳಿದ ಅಷ್ಟೂ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರೂ ಇರಲಿಲ್ಲ.

ಬಸ್ಸು ಮತ್ತೆ ಹೊರಟ ಮೇಲೆ ರತ್ನಮ್ಮನ ಪಕ್ಕ ಕೂತು ಹೇಳಿದೆ. "ರತ್ನಮ್ಮ, ಇನ್ಮೇಲೆ ದಾಟಿಸೋದು ಬೇಡ ಅನ್ನಿಸ್ತಿದೆ."

ಅವರ ಮುಖ ಬಿಗಿಯಿತು. "ಯಾಕೆ? ನನ್ ಕೈ ಮೇಲೆ ನಂಬ್ಕೆ ಇಲ್ವಾ? ನಾನ್ ಕೈ ಎತ್ತುದ್ರೆ ಟಿಪ್ಪರ್ ನಿಲ್ತದೆ ಮೇಡಂ."

"ನಿಲ್ಲುತ್ತೆ. ನಿಲ್ಲದೇ ಇರೋ ಒಂದು ದಿನಕ್ಕೆ ನಾನು ಪ್ಲಾನ್ ಮಾಡ್ಬೇಕು."

"ಅಂತಾ ದಿನ ಬರ್ಲಿ, ಆವಾಗ ಏಳಿ," ಎಂದು ಅವರು ಎದ್ದು ಹಿಂದಿನ ಸೀಟಿಗೆ ಹೋದರು.

ಮುಂದಿನ ಕೆಲವು ದಿನ ನಾನು ನಕ್ಷೆಯ ಮೇಲೆ ಎಲ್ಲವನ್ನೂ ಪ್ರಯತ್ನಿಸಿದೆ. ಸ್ಟಾಪು ಮುಂದಕ್ಕೆ ಸರಿಸಿದರೆ ಚರಂಡಿ ಕಾಮಗಾರಿ. ಹಿಂದಕ್ಕೆ ಸರಿಸಿದರೆ ತಿರುವು. ಬಸ್ಸನ್ನು ಒಳರಸ್ತೆಗೆ ನುಗ್ಗಿಸಿ ತಿರುಗಿಸೋಣವೆಂದರೆ ಎರಡೂ ಬದಿ ಕಾರುಗಳು. ಇನ್ನೊಬ್ಬ ಆಯಾಳನ್ನು ಹಾಕಬಹುದಿತ್ತು, ಆಗಲೂ ಮಕ್ಕಳು ರಸ್ತೆ ದಾಟಲೇಬೇಕು. ಕೊನೆಗೆ ಬೆಳಗಿನ ದಾರಿಯ ಮೇಲೆ ಬೆರಳಿಟ್ಟು ಸುಮ್ಮನೆ ಎಳೆಯುತ್ತ ಕೂತಿದ್ದೆ. ಬೆಳಿಗ್ಗೆ ಯಾವ ಸ್ಟಾಪಿನಲ್ಲೂ ಯಾರೂ ರಸ್ತೆ ದಾಟುತ್ತಿರಲಿಲ್ಲ. ಒಬ್ಬರೂ ಇಲ್ಲ. ಹಾಗಾದರೆ ಸಂಜೆಯೂ ಬಸ್ಸು ಅದೇ ದಿಕ್ಕಿನಲ್ಲಿ ಯಾಕೆ ಸುತ್ತಬಾರದು?

ಮೊದಲು ಬಳ್ಳಾರಿ ರಸ್ತೆ ಹಿಡಿದು ಬ್ಯಾಟರಾಯನಪುರ, ಆಮೇಲೆ ಕೊಡಿಗೇಹಳ್ಳಿ, ತಿಂಡ್ಲು, ಕೊನೆಗೆ ಅಟ್ಟೂರು. ಪ್ರತಿ ಸ್ಟಾಪೂ ಅದೇ ಎಡಬದಿಗೆ. ಸುತ್ತಿನ ಉದ್ದ ಬದಲಾಗುವುದಿಲ್ಲ, ಡೀಸೆಲ್ ಹೆಚ್ಚಾಗುವುದಿಲ್ಲ. ಹಿಂದೆ ಸಂಜೆಯ ಕೊನೆಯಲ್ಲಿ ಖಾಲಿ ಓಡುತ್ತಿದ್ದ ದೂರವನ್ನು ಈಗ ಮೊದಲಲ್ಲೇ ಮಕ್ಕಳ ಸಮೇತ ಓಡುವುದು, ಅಷ್ಟೇ ವ್ಯತ್ಯಾಸ. ಜೊತೆಗೆ ಇನ್ನೊಂದು ನ್ಯಾಯವೂ ಅದರಲ್ಲಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹತ್ತಿ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುವ ಬ್ಯಾಟರಾಯನಪುರದ ಮಕ್ಕಳು ಸಂಜೆಯೂ ಕೊನೆಯವರಾಗಿ ಇಳಿಯುತ್ತಿದ್ದರು. ಇನ್ನು ಅವರು ಮೊದಲಿಗರಾಗುತ್ತಾರೆ.

ಇದನ್ನು ಕಂಡುಕೊಂಡ ಕ್ಷಣ ನಾನು ಎದ್ದು ಕಾರಿಡಾರಿನಲ್ಲಿ ಓಡಾಡಿದೆ. ಇದರಲ್ಲಿ ಮಾತ್ರ ಅನುಮಾನವಿಲ್ಲ. ಓಡಾಡಿದ್ದು ಚೆನ್ನಾಗಿ ನೆನಪಿದೆ.

ತೊಂದರೆ ಎಲ್ಲಿಂದ ಬರುತ್ತದೆ ಎಂದು ಈಗಾಗಲೇ ನಿಮಗೆ ಹೊಳೆದಿರಬಹುದು. ಅಟ್ಟೂರಿನ ಅಪಾರ್ಟ್‌ಮೆಂಟಿನ ಮಕ್ಕಳು ಸಂಜೆ ಬಸ್ಸು ಹತ್ತಿ ನೀರು ಕುಡಿದು ಮುಗಿಸುವುದರೊಳಗೆ ಮನೆ ತಲುಪುತ್ತಿದ್ದರು. ಇನ್ನು ಮುಂದೆ ಅವರೇ ಕೊನೆಯವರು. ಬಸ್ಸು ಗೇಟಿಗೇ ಬರುತ್ತಿದ್ದುದರಿಂದ ರಸ್ತೆ ದಾಟುವ ಅಪಾಯ ಅವರಿಗಿರಲಿಲ್ಲ, ಅವರಿಗೆ ಈ ಬದಲಾವಣೆಯಿಂದ ಎಳ್ಳಷ್ಟೂ ಲಾಭವಿಲ್ಲ. ಪ್ರಿನ್ಸಿಪಾಲರು ಪೋಷಕರ ಸಭೆ ಕರೆದಾಗ ಸುದರ್ಶನ್ ಎಂಬುವವರು ಎದ್ದು ನಿಂತರು. ಅವರ ಮಗಳು ಅನನ್ಯ ಎರಡನೇ ಕ್ಲಾಸು.

"ಮೇಡಂ, ನಾವು ಸ್ಕೂಲ್ ಹತ್ರ ಅಂತಾನೇ ಅಲ್ಲಿ ಫ್ಲ್ಯಾಟ್ ತಗೊಂಡಿದ್ದು. ಈಗ ನಮ್ ಮಗು ಇಡೀ ನಾರ್ತ್ ಬೆಂಗಳೂರು ದರ್ಶನ ಮುಗಿಸ್ಕೊಂಡು ಮನೆಗೆ ಬರ್ಬೇಕಾ?"

ಸಭೆ ನಕ್ಕಿತು. ನಾನೂ ನಕ್ಕೆ. ಅವರು ಮುಂದುವರಿಸಿದರು. "ಆಯಾ ಅಷ್ಟು ಚೆನ್ನಾಗಿ ದಾಟಿಸ್ತಾರೆ, ಫೋಟೋನೇ ಹಾಕಿದೀರಲ್ಲ ಮ್ಯಾಗಜೀನಲ್ಲಿ. ಯಾವತ್ತಾದ್ರೂ ಆಕ್ಸಿಡೆಂಟ್ ಆಗಿದ್ಯಾ? ಇಲ್ಲ ಅಲ್ವಾ? ಮತ್ತೆ?"

ಹಿಂದಿನ ಸಾಲಿನಲ್ಲಿ ನಿಂತಿದ್ದ ರತ್ನಮ್ಮ ಹೌದೆನ್ನುವಂತೆ ತಲೆಯಾಡಿಸಿದರು. ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು. ಸಭೆ ನಿರ್ಧಾರವಿಲ್ಲದೆ ಮುಗಿಯಿತು. ಆಮೇಲೆ ತಮ್ಮ ಕೋಣೆಗೆ ಕರೆದು ಅವರು ಹೇಳಿದ್ದು ಇಷ್ಟೇ: "ಶೈಲಜಾ, ನಿಮ್ಮ ಪ್ಲಾನ್ ಸರಿ ಇರಬಹುದು. ಆದ್ರೆ ಅಟ್ಟೂರಿನವರು ಒಪ್ಪದೆ ನಾನು ಸಹಿ ಹಾಕಲ್ಲ. ಅವರು ಬಸ್ ಬಿಟ್ರೆ ಫೀಸು ಸಾಲದೆ ಈ ರೂಟೇ ನಿಂತುಹೋಗುತ್ತೆ."

ನಾನು ಸುದರ್ಶನ್ ಅವರಿಗೆ ಫೋನ್ ಮಾಡಿ ಒಂದು ಸಂಜೆ ಬಸ್ಸಿನಲ್ಲಿ ಬರುವಂತೆ ಕೇಳಿಕೊಂಡೆ. ಬಂದರು. ಅಟ್ಟೂರಿನಲ್ಲಿ ಇಳಿಯಬೇಕಿದ್ದ ಅನನ್ಯಳನ್ನೂ ತಮ್ಮೊಡನೆ ಕೂರಿಸಿಕೊಂಡರು. ಅವಳಿಗೆ ಅಪ್ಪನ ಜೊತೆ ಶಾಲಾ ಬಸ್ಸಿನಲ್ಲಿ ಹೋಗುವುದೇ ಪಿಕ್ನಿಕ್ಕು.

ಫ್ಲೋರ್ ಮಿಲ್ ಬಂತು. ರತ್ನಮ್ಮ ಅಂದು ಬೇಕೆಂದೇ ಇನ್ನಷ್ಟು ಠೀವಿಯಿಂದ ಇಳಿದರು ಎಂದು ನನಗನ್ನಿಸಿತು. ಕೈ ಎತ್ತಿದರು. ಒಂದು ನೀರಿನ ಟ್ಯಾಂಕರ್ ಅವರ ಮೂಗಿನೆದುರಿಗೇ ಬಂದು ನಿಂತಿತು. ಸುದರ್ಶನ್ ಬಲಗಡೆಯ ಕಿಟಕಿಗೆ ಹೋಗಿ ಮೊಬೈಲ್ ಎತ್ತಿ ವಿಡಿಯೊ ಮಾಡತೊಡಗಿದರು. "ಸೂಪರ್ ಲೇಡಿ ಕಣ್ರೀ! ನೋಡಿ, ನೋಡಿ, ಟ್ರಾಫಿಕ್ ಪೊಲೀಸರಿಗೂ ಹೀಗೆ ನಿಲ್ಲಿಸೋಕಾಗಲ್ಲ."

"ಸಾರ್, ಅನನ್ಯ ಎಲ್ಲಿ?" ಎಂದೆ.

ಅವರು ತಮ್ಮ ಪಕ್ಕಕ್ಕೆ ನೋಡಿದರು. ಸೀಟು ಖಾಲಿ. ತಿರುಗಿದರು. ಬಲಗಡೆ ಮಕ್ಕಳ ಗುಂಪಿನಲ್ಲಿ ಜಾಗ ಸಿಗದೆ, ಏನೂ ಕಾಣದೆ, ಅನನ್ಯ ಎಡಗಡೆಯ ಬಾಗಿಲಿಗೆ ಹೋಗಿದ್ದಳು. ಮೆಟ್ಟಿಲ ಮೇಲೆ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು, ಬಸ್ಸಿನ ಮುಂದೆ ಏನಾಗುತ್ತಿದೆ ಎಂದು ಹೊರಕ್ಕೆ ಬಾಗಿ ಇಣುಕುತ್ತಿದ್ದಳು. ನಾನು ಅವಳಿಂದ ಕೈಯಳತೆಯಲ್ಲೇ ನಿಂತಿದ್ದೆ. ಅವಳು ಎದ್ದು ಹೊರಟಾಗಲೇ ಹಿಂದೆ ಹೋಗಿದ್ದೆ, ಅವಳ ಬ್ಯಾಗಿನ ಪಟ್ಟಿ ನನ್ನ ಮುಷ್ಟಿಯಲ್ಲಿತ್ತು.

ಇದು ತೀರಾ ಅಚ್ಚುಕಟ್ಟಾಗಿ ಕೇಳಿಸುತ್ತದೆ, ಗೊತ್ತು. ಅವಳು ಕೆಳಗಿನ ಮೆಟ್ಟಿಲಿನಲ್ಲಿದ್ದಳು ಎಂದು ನನ್ನ ನೆನಪು, ಮೇಲಿನದರಲ್ಲಿ ಎಂದು ಮಂಜಣ್ಣನ ವಾದ. ಸುದರ್ಶನ್ ಅವರ ವಿಡಿಯೊ ನೋಡಿ ತೀರ್ಮಾನಿಸೋಣವೆಂದರೆ, ಅದರಲ್ಲಿ ರತ್ನಮ್ಮ, ಟ್ಯಾಂಕರ್ ಮತ್ತು ನಾಲ್ಕು ಮಕ್ಕಳು ಸ್ಪಷ್ಟವಾಗಿದ್ದಾರೆ. ಬಸ್ಸಿನ ಒಳಗಿನದ್ದು ಒಂದು ಚೂರೂ ಇಲ್ಲ. ಅದನ್ನೇ ನಾನು ಅವರಿಗೆ ಹೇಳಬೇಕೆಂದಿದ್ದೆ. ಹೇಳುವ ಅಗತ್ಯ ಬೀಳಲಿಲ್ಲ. ಅವರು ಮಗಳನ್ನು ಎತ್ತಿಕೊಂಡು ಬಂದು ಕೂತು, ಬಹಳ ಹೊತ್ತು ಮೊಬೈಲನ್ನು ಕೈಯಲ್ಲೇ ತಿರುಗಿಸುತ್ತಿದ್ದರು.

ರತ್ನಮ್ಮ ಬಸ್ಸು ಹತ್ತಿದಾಗ ಕಂಡದ್ದು ಅದನ್ನೇ: ಹಿಡಿದ ಮಗಳನ್ನು ಬಿಡದ ಅಪ್ಪ, ಮೆಟ್ಟಿಲ ಬಳಿ ನಿಂತ ನಾನು. ಬಾಗಿಲು ಎಳೆದು ಹಾಕಿ, ಚಿಲಕ ಬಿತ್ತೇ ಎಂದು ಎರಡು ಸಲ ಅಲುಗಾಡಿಸಿ ನೋಡಿದರು. ಕೊಡಿಗೇಹಳ್ಳಿ ಬಂದಾಗ ನನ್ನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಕೇಳಿದರು.

"ನಾನ್ ಕೆಳಗಿದ್ದಾಗ ದಿನಾ ಇಂಗೇನಾ ಮೇಡಂ?"

"ದಿನಾ ಗೊತ್ತಿಲ್ಲ ರತ್ನಮ್ಮ. ನಾನು ಬಂದ ಎರಡು ದಿನಾನೂ ಹೀಗೇ."

"ನನ್ ಬೆನ್ನಿಗೆ ಕಣ್ಣಿಲ್ವಲ್ಲ," ಎಂದರು. ಆಮೇಲೆ ಕಿಟಕಿಯ ಹೊರಗೆ ನೋಡುತ್ತ, "ಬದ್ಲಾಯ್ಸಿ," ಎಂದರು.

ಸುದರ್ಶನ್ ಒಪ್ಪಿದ್ದು ಸಂತೋಷದಿಂದಲ್ಲ. "ಒಂದ್ ತಿಂಗಳು ನೋಡೋಣ ಮೇಡಂ. ಆದ್ರೆ ಲೇಟ್ ಆದ್ರೆ ನಾನು ಕಂಪ್ಲೇಂಟ್ ಮಾಡ್ತೀನಿ, ಈಗ್ಲೇ ಹೇಳಿರ್ತೀನಿ," ಎಂದರು. ಅಟ್ಟೂರಿನ ಎರಡು ಮನೆಯವರು ಬಸ್ಸು ಬಿಟ್ಟು ತಾವೇ ಸ್ಕೂಟರಿನಲ್ಲಿ ಬರತೊಡಗಿದರು. ಉಳಿದವರನ್ನು ಸುದರ್ಶನ್ ಅವರೇ ಮಾತಾಡಿ ಉಳಿಸಿಕೊಂಡರು ಎಂದು ಆಮೇಲೆ ಗೊತ್ತಾಯಿತು. ಏನು ಹೇಳಿ ಉಳಿಸಿದರೋ ನಾನು ಕೇಳಲಿಲ್ಲ. ಪ್ರಿನ್ಸಿಪಾಲರು ಸಹಿ ಹಾಕಿದರು.

ಹೊಸ ದಾರಿಯ ಮೊದಲ ಸಂಜೆ ನಾನೂ ಬಸ್ಸಿನಲ್ಲಿದ್ದೆ. ಗೇಟು ದಾಟುತ್ತಲೇ ಮಂಜಣ್ಣನ ಕೈ ಅಭ್ಯಾಸಬಲದಿಂದ ಅಟ್ಟೂರಿನ ಕಡೆಗೆ ಸ್ಟೇರಿಂಗ್ ತಿರುಗಿಸಿತು. ಮಕ್ಕಳೆಲ್ಲ ಒಟ್ಟಿಗೆ ಕಿರುಚಿದರು. "ಅಂಕಲ್, ರಾಂಗ್ ರೂಟ್! ರಾಂಗ್ ರೂಟ್!"

"ಗೊತ್ತು ಕಣ್ರೋ, ನಿಮ್ಗೆ ಜ್ಞಾಪಕ ಇದ್ಯಾ ಅಂತ ಟೆಸ್ಟ್ ಮಾಡ್ದೆ," ಎಂದ ಮಂಜಣ್ಣ. ಕಿವಿಯವರೆಗೆ ಕೆಂಪಾಗಿದ್ದ.

ಬ್ಯಾಟರಾಯನಪುರದಲ್ಲಿ ಎಲ್ಲರಿಗಿಂತ ಮೊದಲು ಇಳಿಯಬೇಕಿದ್ದ ಚಾರ್ವಿ ತನ್ನ ಅಮ್ಮ ಇನ್ನೂ ಬಂದಿಲ್ಲ ಎಂದು ಬಸ್ಸನ್ನೇ ಗದರಿದಳು. ನಿಜವಾಗಿ ಬಸ್ಸೇ ಬೇಗ ಬಂದಿತ್ತು. ಅಮ್ಮ ಚಪ್ಪಲಿ ಎಳೆದುಕೊಂಡು ಓಡಿ ಬರುವವರೆಗೆ ರತ್ನಮ್ಮ ಮಗುವನ್ನು ಬಾಗಿಲಲ್ಲೇ ಹಿಡಿದುಕೊಂಡಿದ್ದರು. ಆಮೇಲೆ ಕೊಡಿಗೇಹಳ್ಳಿ. ಆಮೇಲೆ ಫ್ಲೋರ್ ಮಿಲ್.

ಬಸ್ಸು ಗಿರಣಿಯ ಬದಿಗೇ ನಿಂತಿತು. ಬಾಗಿಲು ತೆರೆಯಿತು. ನಾಲ್ವರು ಇಳಿದರು. ಒಬ್ಬ ತಾಯಿ ಬ್ಯಾಗು ಇಸಿದುಕೊಂಡರು. ನಾಲ್ವರೂ ಗೇಟುಗಳ ಒಳಗೆ ಮರೆಯಾದರು. ಯಾವ ಟ್ಯಾಂಕರೂ ನಿಲ್ಲಲಿಲ್ಲ, ಯಾರೂ ಕಿಟಕಿಗೆ ಮುತ್ತಲಿಲ್ಲ. ರತ್ನಮ್ಮ ಕಂಬಿ ಹಿಡಿದು ಮೆಟ್ಟಿಲ ಮೇಲೆ ನಿಂತೇ ಇದ್ದರು.

"ಅಷ್ಟೇನಾ?" ಎಂದರು.

"ಅಷ್ಟೇ."

"ಇದ್ರಲ್ಲಿ ನಾನೇನ್ ಮಾಡ್ದಂಗಾಯ್ತು?"

ಬಸ್ಸು ಅಟ್ಟೂರಿನ ಕಡೆ ಹೊರಟಿತು. ಉಳಿದ ಮಕ್ಕಳಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ರತ್ನಮ್ಮ ಅವರ ನಡುವೆ ಬಂದು ಕೂತರು. ಅನನ್ಯ ಅವರ ತೋಳಿಗೆ ಒರಗಿ ನಿದ್ದೆ ಹೋದಳು. ಅವಳ ತಲೆ ಕಿಟಕಿಗೆ ಬಡಿಯದಂತೆ ರತ್ನಮ್ಮ ಅಂಗೈ ಅಡ್ಡ ಹಿಡಿದರು. ದಾರಿಯುದ್ದಕ್ಕೂ ಆ ಕೈ ಅಲ್ಲೇ ಇತ್ತು.

ಮುಂದೆ ಉಳಿದ ಬಸ್ಸುಗಳ ಸಂಜೆಯ ದಾರಿಗಳನ್ನೂ ಒಂದೊಂದಾಗಿ ಇದೇ ಕಣ್ಣಿನಿಂದ ನೋಡಿದೆವು. ಕೆಲವನ್ನು ತಿರುಗಿಸಿದೆವು. ಹೆಬ್ಬಾಳದ ಕಡೆಯ ಒಂದು ದಾರಿ ಯಾವ ಲೆಕ್ಕಕ್ಕೂ ಬಗ್ಗಲಿಲ್ಲ. ಅಲ್ಲಿ ಪೋಷಕರೇ ಬಸ್ಸಿನ ಬದಿಗೆ ಬಂದು ಮಗುವನ್ನು ಕರೆದುಕೊಂಡು ಹೋಗಬೇಕು, ಬಾರದಿದ್ದರೆ ಮಗು ಇಳಿಯುವುದಿಲ್ಲ ಎಂದು ಮಾಡಿದೆವು. ಆಯಾ ಬಸ್ಸು ಬಿಟ್ಟು ಇಳಿಯುವಂತಿಲ್ಲ ಎಂಬುದು ಎಲ್ಲ ಬಸ್ಸಿಗೂ ನಿಯಮವಾಯಿತು. ಹೊಸದಾಗಿ ಸೇರಿದ ಆಯಾ ಒಬ್ಬಳಿಗೆ ರತ್ನಮ್ಮ ಅದನ್ನು ಕಲಿಸುತ್ತಿದ್ದುದು ಒಂದು ದಿನ ಕಿವಿಗೆ ಬಿತ್ತು. "ನೀನು ರಸ್ತೇಲಿ ಕೈ ಎತ್ತೋ ಅಂಗಾಯ್ತು ಅಂದ್ರೆ ಸ್ಟಾಪು ಸರಿ ಇಲ್ಲ ಅಂತ. ಕೈ ಎತ್ಬೇಡ, ಬಂದು ಮೇಡಂಗೆ ಏಳು." ಆ ಮಾತು ತಮ್ಮದಲ್ಲ, ನನ್ನದೇ ಎಂದು ಅವರು ವಾದಿಸುತ್ತಾರೆ. ನಾನು ಹೇಳಿದ್ದು ನನಗೆ ನೆನಪಿಲ್ಲ.

ಆ ಮೊದಲ ಸಂಜೆ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸುದರ್ಶನ್ ಗಡಿಯಾರ ನೋಡುತ್ತ ನಿಂತಿದ್ದರು. ರತ್ನಮ್ಮನ ತೋಳಿನಿಂದ ನಿದ್ದೆಯ ಮಗಳನ್ನು ಹೆಗಲಿಗೆ ವರ್ಗಾಯಿಸಿಕೊಂಡು, "ಲೇಟ್ ಆಯ್ತು ಮೇಡಂ," ಎಂದರು. "ಹೌದು ಸಾರ್, ಆಯ್ತು," ಎಂದೆ. ಮರುದಿನ ನಿಜವಾಗಿಯೂ ದೂರು ಬರೆದು ಕಳಿಸಿದರು. ಆ ವರ್ಷವಿಡೀ ಅವರೂ ಅವರ ನೆರೆಯವರೂ ಆಗಾಗ ಬರೆಯುತ್ತಲೇ ಇದ್ದರು. ಪ್ರತಿಯೊಂದಕ್ಕೂ ವಿನಯದಿಂದ ಉತ್ತರಿಸಿದೆ, ಮತ್ತು ಹೇಳಲು ನಾಚಿಕೆಯಿಲ್ಲ, ಪ್ರತಿಯೊಂದನ್ನೂ ಒಳಗೊಳಗೇ ಹಿಗ್ಗಿಕೊಂಡು ಓದಿದೆ. ಈ ಕೆಲಸ ನನಗೆ ಕಲಿಸಿದ್ದು ಅಷ್ಟನ್ನೇ: ಬಸ್ಸು ತಡವಾಯಿತೆಂದು ಒಬ್ಬ ಅಪ್ಪ ಕೂತು ದೂರು ಬರೆಯುತ್ತಿದ್ದಾನೆ ಎಂದರೆ, ಅವನ ಮಗು ಮನೆಯೊಳಗಿದೆ.